ಅರಗಿನ ಬಣ್ಣದ ತೊಟ್ಟಿಲು

ಧಾರವಾಡ ಜಿಲ್ಲೆಯ ಮೂಡಲ ಭಾಗದಲ್ಲಿ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆನೆಲವು ದೃಷ್ಟಿ ಹರಿಯುವಷ್ಟು ದೂರ ಬಯಲಾಗಿ ಹಬ್ಬಿದ್ದರೆ, ಪಡುವಲಲ್ಲಿ ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆಗೆ ಹೊರಟ ದಾರಿಯು ಕಲಘಟಗಿಯನ್ನು ಮುಟ್ಟುವ ವೇಳೆಗೆ ಮಲೆನಾಡಿನ ಸೆರಗು ಕಾಣತೊಡಗುತ್ತದೆ. ಸಾಗುವಾನಿಯ ಅರಣ್ಯಕ್ಕೂ ಬಯಲುಸೀಮೆಯ ಸಂತೆಗಳಿಗೂ ಸಮೀಪವಾದ ಈ ಊರಿನಲ್ಲಿ ಚಿತ್ರಗಾರ ಮನೆತನದವರು ತಲೆತಲಾಂತರದಿಂದ ನಿರ್ಮಿಸುತ್ತ ಬಂದಿರುವ ತೊಟ್ಟಿಲು, ಉತ್ತರ ಕರ್ನಾಟಕದ ಗೃಹೋಪಕರಣಗಳಲ್ಲೆಲ್ಲ ಅತ್ಯಂತ ಪೂಜ್ಯವಾದುದೆಂದು ನಾನು ಭಾವಿಸಿದ್ದೇನೆ.

ಮನೆಗೂ ಅಂಗಳಕ್ಕೂ ಗ್ರಾಮೀಣ ರೀತಿಯ ಪೀಠೋಪಕರಣಗಳೇ ಬೇಕೆಂಬ ಅಭಿಲಾಷೆ ಈಗ ನಗರವಾಸಿಗಳಲ್ಲಿ ಪ್ರಬಲವಾಗಿದೆ. ಆ ಅಭಿಲಾಷೆ ಸ್ತುತ್ಯರ್ಹವೇ. ಆದರೆ ಹೊಸ ಹಲಗೆಯನ್ನು ಬೇಕೆಂದೇ ಕೆತ್ತಿ, ಕಪ್ಪುಗೊಳಿಸಿ ಹಳತರಂತೆ ತೋರಿಸಿದ ಮೇಜು ಕುರ್ಚಿಗಳಿಗೆ ಹಣ ತೆರುವ ಮುನ್ನ, ಹಳ್ಳಿಯ ಬಡಿಗನೂ ಚಿತ್ರಗಾರನೂ ತಮ್ಮ ಕೆಲಸವನ್ನು ಎಂದೂ ಒರಟಾಗಿ ಬಿಡಲು ಒಪ್ಪಿದವರಲ್ಲವೆಂಬುದನ್ನು ಸ್ಮರಿಸುವುದು ಯುಕ್ತ. ಕಲಘಟಗಿಯ ತೊಟ್ಟಿಲನ್ನು ಒಮ್ಮೆ ಕೈಯಿಂದ ಸವರಿ ನೋಡಿದವರಿಗೆ ಇದು ಮನವರಿಕೆಯಾಗದಿರದು.

ತೊಟ್ಟಿಲಿಗೆ ಸಾಗುವಾನಿಯೇ ಶ್ರೇಷ್ಠವೆನ್ನಲು ಕಾರಣವುಂಟು. ಅದರ ಕೆಚ್ಚಿನಲ್ಲಿ ಸ್ವಭಾವಸಿದ್ಧವಾದ ಎಣ್ಣೆಯ ಅಂಶವಿರುವುದರಿಂದ ಗೆದ್ದಲು ಸುಲಭವಾಗಿ ಹತ್ತದು. ಮಳೆಗಾಲದ ತೇವಕ್ಕೂ ಬೇಸಗೆಯ ಒಣಹವೆಗೂ ಹಲಗೆ ಅಷ್ಟಾಗಿ ಹಿಗ್ಗದು, ಕುಗ್ಗದು. ಇನ್ನು ಬಣ್ಣ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಗೊಂಬೆಗಳನ್ನು ಆಶ್ರಯಿಸಿ ಬದುಕುವ ಸೂಕ್ಷ್ಮ ಕೀಟವೊಂದು ಸ್ರವಿಸುವ ಅರಗು ಈ ವರ್ಣಕ್ಕೆ ಆಧಾರ. ಚಕ್ರಕ್ಕೆ ಸಿಕ್ಕಿಸಿ ತಿರುಗಿಸುವ ದುಂಡು ಕಡ್ಡಿಗೆ ಬಣ್ಣ ಕಲಸಿದ ಅರಗಿನ ತುಂಡನ್ನು ಒತ್ತಿ ಹಿಡಿದಾಗ, ಉಜ್ಜುವಿಕೆಯಿಂದ ಹುಟ್ಟಿದ ಶಾಖದಲ್ಲಿಯೇ ಅರಗು ಕರಗಿ ಮರಕ್ಕೆ ತೆಳುವಾಗಿ ಅಂಟಿಕೊಳ್ಳುತ್ತದೆ. ಚನ್ನಪಟ್ಟಣದ ಗೊಂಬೆಗಳ ಹೊಳಪಿಗೂ ಇದೇ ಮೂಲ. ಆದರೆ ಚಕ್ರಕ್ಕೆ ಒಗ್ಗದ ಸಪಾಟಾದ ಹಲಗೆಗಳ ಮೇಲೆ, ಕೆಂಪು ಹಳದಿ ಹಸಿರುಗಳ ನಡುವೆ, ಬಾಲಕೃಷ್ಣನ ಲೀಲೆಗಳನ್ನೂ ರಾಮಾಯಣದ ಪ್ರಸಂಗಗಳನ್ನೂ ಬರೆದು ನಿಲ್ಲಿಸುವ ಕಾರ್ಯ ಕೇವಲ ಕೈಯದು, ಕಣ್ಣಿನದು. ಅಜ್ಜಿ ಮಲಗಿದ್ದ ತೊಟ್ಟಿಲಲ್ಲಿಯೇ ಮೊಮ್ಮಗಳ ಮಗುವನ್ನೂ ಮಲಗಿಸಿ ತೂಗುವ ಮನೆಗಳು ಈ ಸೀಮೆಯಲ್ಲಿ ಇಂದಿಗೂ ಇವೆ, ಬಣ್ಣ ಮಾಸಿಲ್ಲ.

ಬಾಣಂತನ ಮುಗಿದ ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ತವರಿನವರು ತೊಟ್ಟಿಲನ್ನು ಕೊಡುವ ಪದ್ಧತಿಯೇ ಈ ಕಸುಬನ್ನು ಇಷ್ಟು ಕಾಲ ಪೊರೆದಿದೆ. 2018ರಲ್ಲಿ ನಟ ಅಂಬರೀಷ್ ಅವರು ಯಶ್ ದಂಪತಿಗಳ ಮಗುವಿಗೆಂದು ಇಲ್ಲಿಂದಲೇ ತೊಟ್ಟಿಲು ಮಾಡಿಸಿದ್ದು, ಅದು ಅವರ ನಿಧನಾನಂತರ ಆ ಮನೆಯನ್ನು ಸೇರಿದ್ದು, ಕಲಘಟಗಿಯ ಹೆಸರನ್ನು ನಾಡಿನ ಉದ್ದಗಲಕ್ಕೂ ಮತ್ತೊಮ್ಮೆ ಕೇಳಿಸಿತು. ಆದರೂ ಈ ವಿದ್ಯೆಯನ್ನು ಬಲ್ಲ ಮನೆತನಗಳು ಈಗ ಬೆರಳೆಣಿಕೆಯವು. ಒಳ್ಳೆಯ ಸಾಗುವಾನಿಯಾದರೋ ದುರ್ಲಭ, ದುಬಾರಿ.

ಬಯಲುಸೀಮೆಯ ಮರಗೆಲಸದ ಸ್ವಭಾವವೇ ಬೇರೆ. ಅಲ್ಲಿ ಜಾಲಿ, ಬೇವುಗಳೇ ಬಡಿಗನ ಬಂಡವಾಳ. ಚಕ್ಕಡಿಯ ಗಾಲಿಗೂ ಕುಂಟೆ ಕೂರಿಗೆಗಳಿಗೂ ಆಗುವಷ್ಟು ಗಡುಸಾದ ಜಾಲಿಯ ಕಾಲುಗಳಿಗೆ ಚೌಕಟ್ಟು ಕೂಡಿಸಿ, ಪುಂಡಿನಾರಿನ ಹಗ್ಗದಿಂದ ಹೆಣೆದ ಹೊರಸು, ಅಂಗಳದಲ್ಲಿ ಹಾಕಿಕೊಳ್ಳಲು ಇಂದಿಗೂ ಸರ್ವೋತ್ತಮವಾದ ಆಸನ. ಹಗ್ಗ ಜೋತುಬಿದ್ದರೆ ಕಾಲದೆಸೆಯಲ್ಲಿ ಎಳೆದು ಬಿಗಿದರಾಯಿತು. ಹಗ್ಗ ಹರಿದರೆ ಹೊಸತನ್ನು ಹೆಣೆಯಬಹುದು, ಚೌಕಟ್ಟಿಗೆ ಬಾಧೆಯಿಲ್ಲ. ಅದರ ಮೇಲೆ, ಅಥವಾ ಪಡಸಾಲೆಯಲ್ಲಿ ತೂಗುವ ಮಂಚದ ಮೇಲೆ, ನವಲಗುಂದದ ಮುಸ್ಲಿಂ ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ನೇಯ್ದ, ನವಿಲು ಮತ್ತು ಪಗಡೆಹಾಸುಗಳ ವಿನ್ಯಾಸವುಳ್ಳ ಹತ್ತಿಯ ಜಮಖಾನೆಯನ್ನು ಹಾಸಿದರೆ ಬೇರೆ ಅಲಂಕಾರದ ಅಗತ್ಯವೇ ತೋರದು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ಜಮಖಾನೆಯ ಕಥೆ ಪ್ರತ್ಯೇಕ ಲೇಖನವನ್ನೇ ಬೇಡುವಂಥದು.

ಕೊಳ್ಳುವವರು ಕೆಲವು ಸಂಗತಿಗಳನ್ನು ಲಕ್ಷಿಸಬೇಕು. ತೊಟ್ಟಿಲಾಗಲಿ ಮಂಚವಾಗಲಿ, ಮೊದಲು ಬಣ್ಣವಿಲ್ಲದ ಒಳಮೈಯನ್ನು ನೋಡಿರಿ: ಕೆಚ್ಚಿನ ಹೊರಗಿನ ಬಿಳಿಯ ಮೆದುಭಾಗ ಸೇರಿಕೊಂಡಿದ್ದರೆ ಹುಳು ಹಿಡಿಯುವುದು ಅಲ್ಲಿಂದಲೇ. ಸಂದುಗಳು ಮೊಳೆಯನ್ನು ನೆಚ್ಚಿವೆಯೋ, ಮರದೊಳಗೆ ಮರ ಕೂತು ನಿಂತಿವೆಯೋ ಎಂದು ಅಲುಗಿಸಿ ಪರೀಕ್ಷಿಸಿರಿ. ಕೃತಕ ಬಣ್ಣ ಬಳಿದ ತೊಟ್ಟಿಲುಗಳೂ ಪೇಟೆಯಲ್ಲಿ ಇರುವುದರಿಂದ, ಬಳಸಿದ್ದು ಅರಗೇ ಹೌದೋ ಎಂದು ಮಾಡಿದವರನ್ನೇ ಕೇಳುವುದರಲ್ಲಿ ಸಂಕೋಚ ಬೇಡ. ಕೂಸು ಬಾಯಿಗಿಡುವ ವಸ್ತುವದು. ಅರಗು ಬಿಸಿಲಿನ ತಾಪಕ್ಕೆ ಮೆತ್ತಗಾಗುವುದು, ನೀರು ನಿಂತಲ್ಲಿ ಬೆಳ್ಳಗಾಗುವುದು, ಸ್ಪಿರಿಟಿಗೆ ಕರಗುವುದು. ಆದಕಾರಣ ಇಂಥ ಕೆಲಸವನ್ನು ತೋಟದಲ್ಲಿರಿಸದೆ, ಒಳಗಿಟ್ಟು ಒಣಬಟ್ಟೆಯಿಂದ ಒರೆಸಿದರೆ ಸಾಕು. ತೋಟಕ್ಕೆ ಹಳೆಯ ಗಾಡಿಯ ಗಾಲಿಯನ್ನು ತರುವವರು ಅದನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ಊರಿಸಲಿ. ತೊಟ್ಟಿಲು ಬೇಕಾದವರಂತೂ ಸಿದ್ಧವಸ್ತುವನ್ನು ಅರಸದೆ ಕಲಘಟಗಿಗೆ ಹೋಗಿ, ಯಾವ ಪ್ರಸಂಗ ಬರೆಯಬೇಕೆಂಬುದನ್ನು ಚಿತ್ರಗಾರರೊಡನೆ ಕೂತು ನಿಶ್ಚಯಿಸಿ, ಸಾಕಷ್ಟು ಮುಂಚಿತವಾಗಿಯೇ ಹೇಳಿ ಬರುವುದು ಲೇಸು.