ಫ್ರಿಜ್‌ನಲ್ಲಿರೋ ಹಳೇ ಐ ಡ್ರಾಪ್ಸ್ ಹಾಕ್ತೀರಾ?

ಬೆಳಿಗ್ಗೆ ಎದ್ದ ಮಗುವಿನ ಕಣ್ಣು ಕೆಂಪಗೆ, ರೆಪ್ಪೆಗೆಲ್ಲ ಪಿಸುರು. ಸ್ಕೂಲ್ ಬಸ್ ಬರೋ ಹೊತ್ತು ಬೇರೆ. ತಕ್ಷಣ ನೆನಪಾಗೋದು ಫ್ರಿಜ್ ಬಾಗಿಲಲ್ಲಿರೋ ಬಾಟಲಿ. ಹೋದ ಸಲ ಯಜಮಾನರಿಗೆ ಡಾಕ್ಟರ್ ಬರೆದುಕೊಟ್ಟಿದ್ದು, ಎರಡೇ ದಿನಕ್ಕೆ ವಾಸಿಯಾಗಿತ್ತಲ್ಲ!

ಸ್ವಲ್ಪ ತಡೀರಿ. ಬಾಟಲಿ ಮೇಲಿನ ಸಣ್ಣಕ್ಷರ ಓದಿ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಅಂತಿದ್ದರೆ ಅದರಲ್ಲಿ ಸ್ಟಿರಾಯ್ಡ್ ಇದೆ. ಎಷ್ಟೋ ಸಲ ಆಂಟಿಬಯೋಟಿಕ್ ಜೊತೆಗೇ ಬೆರೆಸಿರುತ್ತಾರೆ. ಸ್ಟಿರಾಯ್ಡ್ ಕೆಂಪು, ಊತ, ಉರಿಯನ್ನು ಬೇಗ ತಗ್ಗಿಸುತ್ತದೆ, ರೋಗಾಣುವನ್ನು ಕೊಲ್ಲೋದಿಲ್ಲ. ಹರ್ಪಿಸ್ ವೈರಸ್ಸೋ, ಗಿಡದ ಕಡ್ಡಿ ತಾಗಿ ಹತ್ತಿದ ಫಂಗಸ್ಸೋ ಆಗಿದ್ದರೆ, ಮೇಲ್ನೋಟಕ್ಕೆ ಕಣ್ಣು ತಿಳಿಯಾದರೂ ಕರಿಗುಡ್ಡೆಯ ಹುಣ್ಣು ಬೆಳೆಯುತ್ತಲೇ ಇರಬಹುದು. ವಾರಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರುವ ಭಯವೂ ಇದೆ. ಅದರಿಂದ ಹೋದ ದೃಷ್ಟಿ ಮತ್ತೆ ಬರೋದಿಲ್ಲ.

2023ರ ಮಳೆಗಾಲದಲ್ಲಿ ಮನೆಮನೆಗೂ ಬಂದಿತ್ತಲ್ಲ ಮದ್ರಾಸ್ ಐ, ಅದು ಬಹುಪಾಲು ವೈರಸ್‌ನಿಂದ ಬರುವಂಥದ್ದು. ವೈರಸ್‌ಗೆ ಆಂಟಿಬಯೋಟಿಕ್ ಕೆಲಸ ಮಾಡದು. ತಣ್ಣೀರ ಬಟ್ಟೆ, ಬೇರೆ ಟವೆಲ್, ಪದೇ ಪದೇ ಕೈ ತೊಳೆಯೋದು, ಒಂದೆರಡು ವಾರದ ತಾಳ್ಮೆ, ಅಷ್ಟೇ.

ಡಾಕ್ಟರೇ ಡ್ರಾಪ್ಸ್ ಬರೆದರೆ ಹೇಳಿದಷ್ಟು ದಿನ ಹಾಕಿ. ಸ್ಟಿರಾಯ್ಡನ್ನು ನಡುವೆ ನೀವೇ ನಿಲ್ಲಿಸಬೇಡಿ. ಒಂದು ಹನಿ ಸಾಕು, ಎರಡನೆಯದು ಕೆನ್ನೆಗೇ ಇಳಿಯೋದು! ಎರಡು ಔಷಧಿ ಇದ್ದರೆ ಮಧ್ಯೆ 5 ನಿಮಿಷ ಬಿಡಿ. ಬಾಟಲಿ ಮೂತಿ ರೆಪ್ಪೆಗೆ ತಾಗಬಾರದು. ಮುಚ್ಚಳ ತೆಗೆದ ತಾರೀಖನ್ನು ಅದರ ಮೇಲೇ ಬರೆದಿಡಿ. ಸಾಮಾನ್ಯವಾಗಿ 28 ದಿನ ಕಳೆದರೆ ಎಸೆಯಬೇಕು.

ನೋವು ಹೆಚ್ಚಿದ್ದರೆ, ನೋಟ ಮಂಜಾದರೆ, ಬೆಳಕು ನೋಡಲಾಗದಿದ್ದರೆ ಅಥವಾ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.