ರೋಗಿಯ ಬಳಿ ಒಂದು ಗಳಿಗೆ

ನೆರೆಮನೆಯವರು ಹಾಸಿಗೆ ಹಿಡಿದಿದ್ದಾರೆಂಬ ಸುದ್ದಿ ಹರಡಿದ ಮೊದಲ ವಾರ ಆ ಮನೆಯಲ್ಲಿ ಕುರ್ಚಿಗಳು ಸಾಲುವುದಿಲ್ಲ. ಎಳನೀರು, ಕಿತ್ತಳೆ, ಬ್ರೆಡ್ಡು, ಹಾರ್ಲಿಕ್ಸ್ ಮೇಜಿನ ತುಂಬ ಸೇರುತ್ತವೆ. ಮೂರನೆಯ ತಿಂಗಳಿಗೆ ಬರುವವರೇ ಇರುವುದಿಲ್ಲ. ರೋಗ ಉಲ್ಬಣಿಸಿ ರೋಗಿಗೆ ನಮ್ಮ ಅಗತ್ಯ ಹೆಚ್ಚಿದಷ್ಟೂ ನಮ್ಮ ಭೇಟಿಗಳು ಕಡಿಮೆಯಾಗುತ್ತವೆ. ಇದಕ್ಕೆ ನಮ್ಮ ಹೃದಯ ಕಲ್ಲಾಗಿರುವುದೇ ಕಾರಣವೆಂದರೆ ಅನ್ಯಾಯವಾದೀತು. "ಹೋಗಿ ಏನು ಹೇಳುವುದು? ನಮ್ಮ ಕೈಯಲ್ಲಿ ಏನಿದೆ?" ಎಂಬ ಅಳುಕು ನಮ್ಮನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸುತ್ತದೆ.

ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಅಂತಿಮ ತೀರ್ಪಿನ ಚಿತ್ರಣವಿದೆ. ಹಸಿದವನಿಗಾಗಿ ಅಲ್ಲಿ ನಮ್ಮಿಂದ ನಿರೀಕ್ಷಿಸಲಾಗಿರುವುದು ಅನ್ನ, ಬಾಯಾರಿದವನಿಗಾಗಿ ನೀರು. ರೋಗಿಗಾಗಿ ಆರೋಗ್ಯವನ್ನು ಕೊಡಿರೆಂದು ಮಾತ್ರ ಪ್ರಭು ಕೇಳಿಲ್ಲ. ಅವನನ್ನು ಕಾಣಲು, ಆರೈಕೆ ಮಾಡಲು ಹೋದೆವೋ ಇಲ್ಲವೋ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ನಮಗೆ ಅಸಾಧ್ಯವಾದುದನ್ನು ನಮ್ಮಿಂದ ಬೇಡಲಾಗಿಲ್ಲ ಎಂಬ ತಿಳಿವೇ ಅಳುಕಿಗೆ ಮೊದಲ ಮದ್ದು.

ಯೋಬನ ಮೂವರು ಗೆಳೆಯರನ್ನು ನೆನೆಯೋಣ. ಅವರು ದೂರದಿಂದ ಬಂದು 7 ಹಗಲು 7 ರಾತ್ರಿ ಅವನೊಡನೆ ನೆಲದ ಮೇಲೆ ಕುಳಿತರು. ಅವನ ವೇದನೆಯನ್ನು ಕಂಡು ಒಂದು ಮಾತನ್ನೂ ಆಡಲಿಲ್ಲ. ಅಷ್ಟರಮಟ್ಟಿಗೆ ಅವರು ಉತ್ತಮ ಗೆಳೆಯರು. ವೇದನೆಗೆ ಕಾರಣವನ್ನು ವಿವರಿಸಲು ತೊಡಗಿದಾಗ ಅವರ ಪಾಂಡಿತ್ಯವೆಲ್ಲ ಗಾಯದ ಮೇಲಿನ ಉಪ್ಪಾಯಿತು. ಇಂದೂ ರೋಗಿಯ ಮಂಚದ ಬಳಿ "ಎಲ್ಲ ದೇವರ ಚಿತ್ತ", "ನಮ್ಮ ಚಿಕ್ಕಪ್ಪನಿಗೂ ಇದೇ ಕಾಯಿಲೆ ಇತ್ತು", "ಇಂಥ ಊರಿನಲ್ಲಿ ಬೇರು ಕೊಡುವವರಿದ್ದಾರೆ" ಎಂದು ಮಾತನಾಡುವಾಗ ನಾವು ಆ ಎಂಟನೆಯ ದಿನದ ಗೆಳೆಯರಾಗುತ್ತೇವೆ.

ಫ್ರಾನ್ಸಿನ ತತ್ತ್ವಜ್ಞಾನಿ ಗೇಬ್ರಿಯೆಲ್ ಮಾರ್ಸೆಲ್ (1889–1973) ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಸಂಸ್ಥೆಗಾಗಿ ಕಾಣೆಯಾದ ಸೈನಿಕರ ವಿವರ ಹುಡುಕುವ ಕಾರ್ಯದಲ್ಲಿದ್ದರು. ಒಬ್ಬೊಬ್ಬ ಸೈನಿಕನಿಗೂ ಒಂದೊಂದು ಚೀಟಿ. ಆದರೆ ಪ್ರತಿ ಚೀಟಿಯ ಹಿಂದೆಯೂ ಕಾಯುತ್ತಿದ್ದ ಒಂದು ಕುಟುಂಬವಿತ್ತು. ಮನುಷ್ಯನನ್ನು ಬಿಡಿಸಬೇಕಾದ ಸಮಸ್ಯೆಯಂತೆ ಕಾಣಲಾಗದು, ಮತ್ತೊಬ್ಬರಿಗೆ ನಮ್ಮನ್ನು ನಾವೇ ಒದಗಿಸಿಕೊಳ್ಳಬೇಕು ಎಂಬ ವಿಚಾರ ಮುಂದೆ ಅವರ ತತ್ತ್ವಚಿಂತನೆಯ ಕೇಂದ್ರವಾಯಿತು. ಆಸ್ಪತ್ರೆಯಲ್ಲಿ ರೋಗಿಗೊಂದು ಚೀಟಿ ಬೇಕೇ ಬೇಕು. ನೋವಿಗೆ ಔಷಧ ಕೊಡುವುದು ವೈದ್ಯರ ಕೆಲಸ. ಆದರೆ ನೆರೆಯವರಾದ ನಾವೂ ಅವರನ್ನು ಚೀಟಿಯಂತೆ ಕಂಡರೆ ಅವರ ಹೆಸರು ಹಿಡಿದು ಕರೆಯುವವರು ಯಾರು?

ಗಂಟಲಿನ ಕ್ಯಾನ್ಸರ್‌ನಿಂದ ಮಾತು ಕಳೆದುಕೊಂಡಿದ್ದ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಪರಮಪ್ರಸಾದ ಕೊಂಡೊಯ್ಯುತ್ತಿದ್ದಾಗ ನಾವು ಕಂಡ ಸಂಗತಿಯಿದು. ಪಕ್ಕದ ದಿನಸಿ ಅಂಗಡಿಯ ಸಾಹೇಬರು ರಾತ್ರಿ ಬಾಗಿಲು ಹಾಕಿದ ಮೇಲೆ ದಿನವೂ ಬಂದು ಕೂರುತ್ತಿದ್ದರು. ಅಡಿಕೆಯ ಧಾರಣೆ, ಹೊಳೆಯ ನೀರಿನ ಮಟ್ಟ, ಶಾಲೆಯ ಮಕ್ಕಳ ತುಂಟತನ ಇವೇ ಅವರ ಮಾತು. ರೋಗದ ಸುದ್ದಿಯನ್ನು ಎತ್ತುತ್ತಿರಲಿಲ್ಲ. ಮೇಷ್ಟ್ರು ಸ್ಲೇಟಿನ ಮೇಲೆ ಬರೆದು ಉತ್ತರಿಸುತ್ತಿದ್ದರು. ಸಾಹೇಬರು ಬರುವುದು ತಡವಾದ ರಾತ್ರಿ ಮೇಷ್ಟ್ರ ಕಣ್ಣು ಬಾಗಿಲಿನ ಕಡೆಗೇ ಇರುತ್ತಿತ್ತೆಂದು ಅವರ ಪತ್ನಿ ಹೇಳುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ಆಕೆಗೂ ತುಸು ಮಲಗಲು ಅವಕಾಶ ದೊರೆಯುತ್ತಿತ್ತು.

ಆದರೆ ರೋಗಿಯೇ ರೋಗದ ಮಾತೆತ್ತಿದರೆ? ನಮ್ಮ ಅನೇಕ ಮನೆಗಳಲ್ಲಿ ಕಾಯಿಲೆಯ ಹೆಸರನ್ನು ರೋಗಿಯಿಂದ ಮುಚ್ಚಿಡುತ್ತಾರೆ. ರೋಗಿಗೆ ತಿಳಿದಿರುತ್ತದೆ, ಮನೆಯವರು ನೊಂದಾರೆಂದು ಅವರೂ ಮುಚ್ಚಿಡುತ್ತಾರೆ. ಹೀಗೆ ಪ್ರೀತಿಸುವವರ ನಡುವೆಯೇ ಗೋಡೆ ಏಳುತ್ತದೆ. "ನಾನು ಉಳಿಯುತ್ತೇನೆಯೇ?" ಎಂದು ಅವರು ಕೇಳಿದಾಗ ಸುಳ್ಳು ಭರವಸೆ ನೀಡುವುದು ಮಾತಿನ ಬಾಗಿಲನ್ನು ಮುಚ್ಚಿದಂತೆ. ಮನೆಯವರನ್ನು ಮೀರಿ ವೈದ್ಯರ ವರದಿಯನ್ನು ಒಪ್ಪಿಸುವುದೂ ನಮ್ಮ ಕೆಲಸವಲ್ಲ. "ನಿಮ್ಮ ಮನಸ್ಸಿಗೆ ಏನನ್ನಿಸುತ್ತಿದೆ?" ಎಂದು ಕೇಳಿ, ಅವರ ಉತ್ತರವನ್ನು ಕೊನೆಯವರೆಗೆ ಆಲಿಸಬಹುದು. ಮಗಳ ಮದುವೆ, ತೀರದ ಸಾಲ, ಮಾತು ಬಿಟ್ಟ ತಮ್ಮ: ಹೇಳಬೇಕಾದುದು ಬಹಳವಿರುತ್ತದೆ, ಉಳಿದ ಕಾಲ ಕಡಿಮೆ.

ಒಬ್ಬರು ಅರ್ಧ ಗಂಟೆ ಕುಳಿತರೆ ಏನಾದೀತೆಂದು ಕೇಳುವವರು ನೆರೆಯ ಕೇರಳವನ್ನು ನೋಡಬೇಕು. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಉಪಶಮನ ಆರೈಕೆಯ ಸಂಸ್ಥೆಯೊಂದರ ಅನುಭವದಿಂದ ಊರೂರಿನ ಸಾಮಾನ್ಯ ಜನರೇ ತರಬೇತಿ ಪಡೆದು ತಮ್ಮ ನೆರೆಯ ರೋಗಿಗಳನ್ನು ಮನೆಯಲ್ಲೇ ಕಂಡು ಬರುವ ವ್ಯವಸ್ಥೆ ಬೆಳೆಯಿತು. 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ನಮ್ಮ ಬೆಂಗಳೂರಿನಲ್ಲಿ 1999ರಿಂದ 'ಕರುಣಾಶ್ರಯ'ವು ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಸಲಹುತ್ತಿದೆ. ಆದರೆ ಪ್ರತಿ ಬೀದಿಗೂ ಒಂದು ಆಶ್ರಯ ಕಟ್ಟಲಾಗದು. ಪ್ರತಿ ಬೀದಿಯಲ್ಲೂ ನೆರೆಯವರಿದ್ದಾರೆ.

1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಫೆಬ್ರವರಿ 11ನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. ಅದಕ್ಕಾಗಿ ಕಾಯಬೇಕಾಗಿಲ್ಲ. ಈ ಭಾನುವಾರ ಬಲಿಪೂಜೆ ಮುಗಿಸಿ ಮರಳುವ ದಾರಿಯಲ್ಲಿ ಒಂದು ಬಾಗಿಲು ತಟ್ಟೋಣ. ನೆಗಡಿ, ಜ್ವರವಿದ್ದರೆ ಅಂದು ಹೋಗುವುದು ಬೇಡ. ಊಟದ, ಔಷಧದ ವೇಳೆಯನ್ನು ಮೊದಲೇ ವಿಚಾರಿಸೋಣ. ನಿಂತೇ ಮಾತನಾಡಿಸದೆ ಅವರ ಕಣ್ಣಿನ ಮಟ್ಟಕ್ಕೆ ಕುರ್ಚಿ ಎಳೆದು ಕೂರೋಣ. ದಣಿದರೆಂದು ಕಂಡಾಗ ಏಳೋಣ. "ಮತ್ತೆ ಬರುತ್ತೇವೆ" ಎನ್ನುವಾಗ ಯಾವ ದಿನವೆಂಬುದನ್ನೂ ಹೇಳಿ, ಆ ದಿನ ತಪ್ಪದೆ ಹೋಗೋಣ.