ರಾಗಿ ಕಾಳಿನಷ್ಟು ಜಾಗ

ವಸ್ತು ಎಷ್ಟು ದೊಡ್ಡದಿದೆಯೋ ಕ್ಯಾಮೆರಾದೊಳಗೆ ಅದರ ಬಿಂಬವೂ ಅಷ್ಟೇ ದೊಡ್ಡದಾಗಿ ಬಿದ್ದರೆ ಅದನ್ನು ಮ್ಯಾಕ್ರೊ ಛಾಯಾಗ್ರಹಣ ಎನ್ನುತ್ತಾರೆ. ಅನುಪಾತದ ಲೆಕ್ಕದಲ್ಲಿ ಇದು 1:1. ಒಂದೂವರೆ ಮಿಲಿಮೀಟರಿನ ರಾಗಿ ಕಾಳು ಸೆನ್ಸರ್ ಮೇಲೂ ಒಂದೂವರೆ ಮಿಲಿಮೀಟರ್ ಜಾಗ ಹಿಡಿಯುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತದೆ. ಅದರಲ್ಲಿ ತೆಗೆದ ಚಿತ್ರವನ್ನು 36 ಸೆಂ.ಮೀ. ಅಗಲದ ಕಾಗದದಲ್ಲಿ ಮುದ್ರಿಸಿದರೆ ಎಲ್ಲವೂ ಹತ್ತು ಪಟ್ಟಾಗಿ, ರಾಗಿ ಕಾಳು ಹುಣಸೆ ಬೀಜದಷ್ಟು ದಪ್ಪಗೆ ಕಾಣುತ್ತದೆ. ಸಾಮಾನ್ಯ 50 ಮಿ.ಮೀ. ಲೆನ್ಸು ವಸ್ತುವಿಗೆ ಎಷ್ಟು ಹತ್ತಿರ ಹೋಗಲು ಸಾಧ್ಯವೋ ಅಷ್ಟು ಹೋದರೂ ಬಿಂಬವು ಮೂಲದ ಆರೇಳರಲ್ಲಿ ಒಂದು ಪಾಲನ್ನು ದಾಟುವುದು ಕಷ್ಟ. ಕ್ಯಾಮೆರಾ ಕೊಂಡ ಹೊಸತರಲ್ಲಿ ಇರುವೆಯ ಚಿತ್ರ ತೆಗೆಯಲು ಹೋದವರಿಗೆಲ್ಲ ಕಪ್ಪು ಚುಕ್ಕೆಯೊಂದೇ ಸಿಗುವುದು ಇದರಿಂದಲೇ.

ತನ್ನ ಲೆನ್ಸು ಎಷ್ಟು ಹಿಗ್ಗಿಸುತ್ತದೆ ಎಂದು ತಿಳಿಯಲು ವಿದ್ಯಾರ್ಥಿಗೆ ಶಾಲೆಯ ಜಾಮಿಟ್ರಿ ಬಾಕ್ಸಿನ ಸ್ಕೇಲು ಸಾಕು. ಸ್ಕೇಲಿನ ಮೇಲೆ ಫೋಕಸ್ ಮಾಡಿ ಚೌಕಟ್ಟಿನ ಅಗಲದಲ್ಲಿ ಎಷ್ಟು ಮಿಲಿಮೀಟರ್ ಗೆರೆಗಳು ಕಾಣುತ್ತವೆ ಎಂದು ಎಣಿಸಬೇಕು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 36 ಗೆರೆ ಕಂಡರೆ 1:1, 18 ಕಂಡರೆ 2:1. ಛಾಯಾಗ್ರಹಣ ಕಲಿಯುವವರು ಮೊದಲ ವಾರವೇ ಮಾಡಬೇಕಾದ ಪಾಠ ಇದು. ಮುಂದಿನ ಎಲ್ಲ ಲೆಕ್ಕವೂ ಈ ಸಂಖ್ಯೆಯ ಮೇಲೆ ನಿಂತಿದೆ.

ಚಿಕ್ಕದನ್ನು ಹಿಗ್ಗಿಸಿ ಚಿತ್ರದಲ್ಲಿ ಹಿಡಿಯುವ ಹಂಬಲ ಛಾಯಾಗ್ರಹಣದಷ್ಟೇ ಹಳೆಯದು. 1865ರಲ್ಲಿ ಹುಟ್ಟಿದ ಇಬ್ಬರ ಬದುಕು ಇದಕ್ಕೆ ಸಾಕ್ಷಿ. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಊರಿನ ರೈತ ವಿಲ್ಸನ್ ಬೆಂಟ್ಲಿ ಸೂಕ್ಷ್ಮದರ್ಶಕಕ್ಕೆ ಬೆಲ್ಲೋಸ್ ಕ್ಯಾಮೆರಾ ಜೋಡಿಸಿ 1885ರ ಜನವರಿ 15ರಂದು ಹಿಮದ ಹರಳೊಂದರ ಚಿತ್ರ ತೆಗೆದ. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕಪ್ಪು ಹಲಗೆಯ ಮೇಲೆ ಹಿಮ ಬೀಳಿಸಿಕೊಂಡು, ಹರಳನ್ನು ಕಡ್ಡಿಯ ತುದಿಯಿಂದ ಎತ್ತಿ ಗಾಜಿನ ಮೇಲಿಟ್ಟು, ಹಕ್ಕಿಯ ಗರಿಯಿಂದ ಮೆಲ್ಲಗೆ ಒತ್ತಿ ಕೂರಿಸುತ್ತಿದ್ದ. ಉಸಿರು ತಾಗಿದರೂ ಕರಗುವ ವಸ್ತು ಅದು. ಹಾಗಾಗಿ ಬೆಂಕಿ ಹಾಕದ ಕೊರೆಯುವ ಕೊಟ್ಟಿಗೆಯಲ್ಲೇ ಕೆಲಸ. ನಲವತ್ತಾರು ವರ್ಷಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಹರಳುಗಳ ಚಿತ್ರ ಕೂಡಿಟ್ಟ. ಅವುಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕ ಚಿತ್ರಗಳಿದ್ದ ಪುಸ್ತಕ 1931ರಲ್ಲಿ ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡ.

ಇನ್ನೊಬ್ಬ ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್. ಎಳೆಯ ವಯಸ್ಸಿನಲ್ಲಿ ಎರಕದ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಲಿತು, ಮುಂದೆ ಬರ್ಲಿನ್ನಿನ ಕಲಾಶಾಲೆಯಲ್ಲಿ ಮೂರು ದಶಕ ಪಾಠ ಹೇಳಿದವನು. ಗಿಡದ ಆಕಾರಗಳಿಂದ ವಿನ್ಯಾಸ ಕಲಿಯಬೇಕು ಎಂಬುದು ಅವನ ನಂಬಿಕೆ. ತರಗತಿಯಲ್ಲಿ ತೋರಿಸಲೆಂದು ದಾರಿಬದಿಯ ಕಳೆಗಿಡ, ಮೊಗ್ಗು, ಬಳ್ಳಿಯ ತುದಿಗಳನ್ನು ಕಿತ್ತು ತಂದು, ಸಾದಾ ಹಿನ್ನೆಲೆಯ ಮುಂದೆ ನಿಲ್ಲಿಸಿ, ತಾನೇ ಕಟ್ಟಿಕೊಂಡ ಮರದ ಕ್ಯಾಮೆರಾದಿಂದ ಮೂವತ್ತು ಪಟ್ಟಿನವರೆಗೂ ಹಿಗ್ಗಿಸಿ ಚಿತ್ರ ತೆಗೆದ. ಅವು ಪುಸ್ತಕವಾಗಿದ್ದು 1928ರಲ್ಲಿ, ಅವನಿಗೆ ಅರವತ್ತಮೂರರ ಸುಮಾರಿನಲ್ಲಿ. ಪಾಠದ ಸಲಕರಣೆಯೆಂದು ತೆಗೆದ ಚಿತ್ರಗಳನ್ನು ಯುರೋಪಿನ ಕಲಾವಿದರು ಬೆರಗಿನಿಂದ ನೋಡಿದರು. ಕೊಡಗಿನವರು ತೆರ್ಮೆ ತೊಪ್ಪು ಎಂದು ಪಲ್ಯಕ್ಕೆ ಕೊಯ್ಯುವ ಜರೀಗಿಡದ ಎಳೆ ಸುರುಳಿಯಂಥದೇ ಸುರುಳಿ ಅವನ ಚಿತ್ರದಲ್ಲಿ ಕಮ್ಮಾರ ಬಡಿದು ಬಗ್ಗಿಸಿದ ಕಬ್ಬಿಣದಂತೆ ಕಾಣುತ್ತದೆ. ಅವನ ಬೆಳಕಿನಲ್ಲಿ ಆಟವಿಲ್ಲ, ಕೋನದಲ್ಲಿ ಚಮತ್ಕಾರವಿಲ್ಲ, ಆಕಾರವೊಂದನ್ನೇ ಗಮನಿಸಿದ್ದಾನೆ. ಕ್ಲೋಸ್‌ಅಪ್ ಕಲಿಯುವವರು ಇವತ್ತಿಗೂ ಮೊದಲು ನೋಡಬೇಕಾದ ಚಿತ್ರಗಳೆಂದರೆ ಇವೇ.

35 ಮಿ.ಮೀ. ಕ್ಯಾಮೆರಾಗಳಿಗೆಂದೇ ಮಾಡಿದ ಮ್ಯಾಕ್ರೊ ಲೆನ್ಸುಗಳು ಬಂದದ್ದು 1950ರ ದಶಕದ ನಡುವಿನಲ್ಲಿ. ಕಿಲ್‌ಫಿಟ್ ಸಂಸ್ಥೆಯ ಮ್ಯಾಕ್ರೊ-ಕಿಲಾರ್ 1955ರದು. ಮರುವರ್ಷ ನಿಕಾನ್ ಮೈಕ್ರೊ-ನಿಕ್ಕೋರ್ ತಂದಿತು. ಜಪಾನಿ ಬರಹದ ದಟ್ಟ ಗೆರೆಗಳ ಅಕ್ಷರಗಳನ್ನು ಮೈಕ್ರೊಫಿಲ್ಮಿನಲ್ಲಿ ಕಲಸಿಹೋಗದಂತೆ ಹಿಡಿಯಬೇಕಾದ ಅಗತ್ಯದಿಂದ ಹುಟ್ಟಿದ ಲೆನ್ಸು ಅದು. ಕಡತ ಉಳಿಸಲು ಮಾಡಿದ್ದು ಆಮೇಲೆ ಹೂವು, ಕೀಟಗಳತ್ತ ತಿರುಗಿತು.

ಇಂಥ ಲೆನ್ಸು ವಿದ್ಯಾರ್ಥಿಯ ಕೈಗೆ ಸುಲಭಕ್ಕೆ ಎಟುಕುವುದಿಲ್ಲ. ಎಟುಕುವ ದಾರಿಗಳು ಮೂರಿವೆ. ಕ್ಲೋಸ್‌ಅಪ್ ಫಿಲ್ಟರ್ ಎಂಬ ಗಾಜನ್ನು ಲೆನ್ಸಿನ ಮುಂದೆ ತಿರುಪಿ ಕೂರಿಸುವುದು ಒಂದು. ಓದುವ ಕನ್ನಡಕದ ಹಾಗೆಯೇ ಇದಕ್ಕೂ ನಂಬರ್ ಇರುತ್ತದೆ. +4 ನಂಬರಿನ ಗಾಜು ಹಾಕಿದರೆ, ಅನಂತಕ್ಕೆ ಫೋಕಸ್ ಇಟ್ಟ ಲೆನ್ಸು 25 ಸೆಂ.ಮೀ. ದೂರದ ವಸ್ತುವನ್ನು ಸ್ಪಷ್ಟವಾಗಿ ಕಾಣುತ್ತದೆ. ಅಗ್ಗದ ಗಾಜಾದರೆ ಚಿತ್ರದ ಅಂಚಿನಲ್ಲಿ ಬಣ್ಣದ ಗೆರೆ ಏಳುತ್ತದೆ. ಎರಡನೆಯದು ಎಕ್ಸ್‌ಟೆನ್ಷನ್ ಟ್ಯೂಬು. ಇದರೊಳಗೆ ಗಾಜೇ ಇಲ್ಲ, ಬರೀ ಬಳೆ. ಲೆನ್ಸನ್ನು ಸೆನ್ಸರಿನಿಂದ ದೂರ ತಳ್ಳುವುದಷ್ಟೇ ಅದರ ಕೆಲಸ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಎಷ್ಟು ಹಿಗ್ಗುತ್ತದೆ ಎಂಬ ಲೆಕ್ಕ ಸಿಗುತ್ತದೆ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಟ್ಯೂಬು ಹಾಕಿದರೆ ಅರ್ಧ, 50 ಮಿ.ಮೀ. ಹಾಕಿದರೆ 1:1.

ಮೂರನೆಯದು ಲೆನ್ಸನ್ನೇ ಹಿಂದುಮುಂದಾಗಿ ಕೂರಿಸುವುದು. ದೂರದ ದೊಡ್ಡ ದೃಶ್ಯವನ್ನು ಹತ್ತಿರದ ಚಿಕ್ಕ ಸೆನ್ಸರಿಗೆ ಇಳಿಸಲು ಮಾಡಿದ ಲೆನ್ಸನ್ನು ತಿರುಗಿಸಿದರೆ ಹತ್ತಿರದ ಚಿಕ್ಕದು ದೊಡ್ಡದಾಗುತ್ತದೆ. ರಿವರ್ಸ್ ರಿಂಗ್ ಎಂಬ ಲೋಹದ ಉಂಗುರವೊಂದು ಇದ್ದರೆ ಆಯಿತು. ತಿರುಗಿಸಿದ 50 ಮಿ.ಮೀ. ಲೆನ್ಸು ಹೆಚ್ಚುಕಡಿಮೆ 1:1 ಕೊಟ್ಟರೆ 28 ಮಿ.ಮೀ. ಲೆನ್ಸು ಸುಮಾರು ಎರಡು ಪಟ್ಟು ಕೊಡುತ್ತದೆ. ಜೂಮ್ ಲೆನ್ಸಾದರೆ ಎಲ್ಲವೂ ಉಲ್ಟಾ, ಅಗಲದ ಕಡೆ ತಿರುಗಿಸಿದಷ್ಟೂ ವಸ್ತು ದೊಡ್ಡದಾಗುತ್ತ ಹೋಗುತ್ತದೆ. ಕ್ಯಾಮೆರಾಗೂ ಲೆನ್ಸಿಗೂ ವಿದ್ಯುತ್ ಸಂಪರ್ಕ ತಪ್ಪುವುದರಿಂದ ಆಟೋಫೋಕಸ್ ಇರುವುದಿಲ್ಲ, ಬೆಳಕು ಒಳಬಿಡುವ ಕಂಡಿಯಾದ ಅಪರ್ಚರನ್ನು ಕ್ಯಾಮೆರಾದಿಂದ ಬದಲಿಸಲೂ ಆಗುವುದಿಲ್ಲ. ಅದಕ್ಕಾಗಿಯೇ ಮೈಮೇಲೆ ಅಪರ್ಚರ್ ಉಂಗುರವಿರುವ ಫಿಲ್ಮ್ ಕಾಲದ ಹಳೆಯ ಲೆನ್ಸು ಈ ಕೆಲಸಕ್ಕೆ ಒಳ್ಳೆಯದು. ಕಡಿಮೆ ಖರ್ಚಿನಲ್ಲಿ ಇಷ್ಟು ಕಲಿಸುವ ಸಾಧನ ಛಾಯಾಗ್ರಹಣದಲ್ಲಿ ಇನ್ನೊಂದಿಲ್ಲ. ಎಲ್ಲವನ್ನೂ ಕೈಯಾರೆ ಮಾಡಲೇಬೇಕಾಗಿ ಬರುವುದರಿಂದ ಯಾವುದು ಏಕೆ ಆಗುತ್ತದೆಂದು ತಾನಾಗಿ ತಿಳಿಯುತ್ತದೆ.

ಹಿಗ್ಗಿಸಿದ್ದಕ್ಕೆ ತೆರಬೇಕಾದ ಬೆಲೆ ಎರಡು: ಬೆಳಕು ಮತ್ತು ಆಳ. 1:1ರಲ್ಲಿ ಲೆನ್ಸು ಸೆನ್ಸರಿನಿಂದ ಎರಡರಷ್ಟು ದೂರ ಸರಿದಿರುತ್ತದೆ. ಅಷ್ಟೇ ಬೆಳಕು ನಾಲ್ಕರಷ್ಟು ಜಾಗಕ್ಕೆ ಹರಡಬೇಕಾಗಿ ಕಾಲುಭಾಗಕ್ಕೆ ಇಳಿಯುತ್ತದೆ. ಅಪರ್ಚರನ್ನು ಎಫ್/8 ಎಂದು ಇಟ್ಟಿದ್ದು ನಿಜದಲ್ಲಿ ಎಫ್/16ರ ಹಾಗೆ ವರ್ತಿಸುತ್ತದೆ. ಆಳದ ಕಥೆ ಇನ್ನೂ ಕಠಿಣ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 1:1ಕ್ಕೆ, ಎಫ್/8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿ.ಮೀ. ಮಾತ್ರ. ಎರಡು ಪಟ್ಟಿಗೆ ಹೋದರೆ ಅದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಾಗುತ್ತದೆ. ಮಿಡತೆಯ ಕಣ್ಣು ಸ್ಪಷ್ಟವಾಗಿದ್ದರೆ ಮೀಸೆ ಮಸುಕು. ಅಪರ್ಚರನ್ನು ಎಫ್/22, ಎಫ್/32 ಎಂದು ಕಿರಿದಾಗಿಸುತ್ತ ಹೋದರೆ ಆಳವೇನೋ ಸಿಗುತ್ತದೆ. ಆದರೆ ಕಿರುಗಂಡಿಯಲ್ಲಿ ಹಾಯುವ ಬೆಳಕು ಚದುರಿ ಇಡೀ ಚಿತ್ರವೇ ತುಸು ಮೆತ್ತಗಾಗುತ್ತದೆ.

ಇದಕ್ಕೆ ಖರ್ಚಿಲ್ಲದ ಪರಿಹಾರ ಕೋನದಲ್ಲಿದೆ. ರೆಕ್ಕೆ ಮಡಿಸಿ ಕೂತ ಚಿಟ್ಟೆಯ ರೆಕ್ಕೆ ಒಂದು ಸಮತಟ್ಟು ಹಾಳೆ. ಸೆನ್ಸರನ್ನು ಆ ಹಾಳೆಗೆ ಸಮಾನಾಂತರವಾಗಿ ಹಿಡಿದರೆ ಒಂದೇ ಮಿಲಿಮೀಟರ್ ಆಳದಲ್ಲಿ ರೆಕ್ಕೆಯ ಒಂದೊಂದು ಹುರುಪೆಯೂ ಸ್ಪಷ್ಟ. ಒಂದಿಷ್ಟು ಓರೆಯಾದರೂ ಅರ್ಧ ರೆಕ್ಕೆ ಹೋಯಿತು. ತಾಳ್ಮೆಯ ಪರಿಹಾರ ಫೋಕಸ್ ಸ್ಟ್ಯಾಕಿಂಗ್. ಟ್ರೈಪಾಡಿನ ಮೇಲೆ ಜಾರುವ ಪಟ್ಟಿಯೊಂದನ್ನು ಕೂರಿಸಿ, ಕ್ಯಾಮೆರಾವನ್ನು ಮಿಲಿಮೀಟರಿನ ಚೂರುಪಾರು ಮುಂದಕ್ಕೆ ಸರಿಸುತ್ತ ಇಪ್ಪತ್ತು, ಐವತ್ತು ಚಿತ್ರ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನಷ್ಟೇ ಕಂಪ್ಯೂಟರಿನಲ್ಲಿ ಕೂಡಿಸುವ ವಿಧಾನ ಅದು. ಸತ್ತ ಜೀರುಂಡೆಗೆ, ಒಣ ಬೀಜಕ್ಕೆ ಇದು ಸಲೀಸು. ಗಾಳಿಗೆ ತೊನೆಯುವ ತುಂಬೆ ಹೂವಿಗೆ ಹೊಂದುವುದು ಕಷ್ಟ.

ಇಷ್ಟು ಹತ್ತಿರದಲ್ಲಿ ಕೈಯ ಸಣ್ಣ ನಡುಕವೂ ಭೂಕಂಪದಂತೆ. ಬಹಳಷ್ಟು ಮಂದಿ ಫ್ಲ್ಯಾಶ್ ಬಳಸುವುದು ಬೆಳಕಿಗಿಂತ ಈ ಕಾರಣಕ್ಕೆ. ಕಡಿಮೆ ಶಕ್ತಿಯಲ್ಲಿ ಹೊಡೆದ ಫ್ಲ್ಯಾಶ್ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟೇ ಹೊತ್ತು ಬೆಳಗುತ್ತದೆ. ಅಷ್ಟರಲ್ಲಿ ಕೈಯೂ ಅಲ್ಲಾಡುವುದಿಲ್ಲ, ಇರುವೆಯೂ ಹೆಜ್ಜೆ ಇಡುವುದಿಲ್ಲ. ಈ ಬೆಳಕಿನ ಹೊಡೆತವನ್ನು ಪಳಗಿಸಿದವರು ಅಮೆರಿಕದ ಎಂಐಟಿಯ ಎಂಜಿನಿಯರ್ ಹೆರಾಲ್ಡ್ ಎಡ್ಗರ್ಟನ್. ತಟ್ಟೆಗೆ ಬಿದ್ದ ಹಾಲಿನ ಹನಿ ಕಿರೀಟವಾಗಿ ಏಳುವ ಅವರ 1957ರ ಚಿತ್ರ ಲೋಕಪ್ರಸಿದ್ಧ. ಫ್ಲ್ಯಾಶನ್ನು ಬರಿದೇ ಹೊಡೆದರೆ ಜೀರುಂಡೆಯ ಬೆನ್ನ ಮೇಲೆ ಕುಕ್ಕುವ ಬಿಳಿ ಚುಕ್ಕೆ ಕೂರುತ್ತದೆ. ಟ್ರೇಸಿಂಗ್ ಪೇಪರನ್ನೋ ತೆಳು ಬಿಳಿ ಪ್ಲಾಸ್ಟಿಕ್ಕನ್ನೋ ಅಡ್ಡ ಹಿಡಿದರೆ ಬೆಳಕು ಮೋಡದ ದಿನದ್ದಾಗುತ್ತದೆ. ಮ್ಯಾಕ್ರೊ ಮಾಡುವವರಲ್ಲಿ ಹೆಚ್ಚಿನವರು ಈ ಡಿಫ್ಯೂಸರನ್ನು ಕತ್ತರಿ, ಅಂಟುಪಟ್ಟಿ ಹಿಡಿದು ಕೂತು ತಾವೇ ಮಾಡಿಕೊಳ್ಳುತ್ತಾರೆ. ಅದರ ಆಕಾರ ಜಿಗಿಯುವ ಜೇಡದ ದೊಡ್ಡ ಕಣ್ಣುಗಳಲ್ಲಿ ಪ್ರತಿಫಲಿಸುವುದರಿಂದ, ಚಿತ್ರ ನೋಡಿಯೇ ಯಾವ ಬಗೆಯ ಡಿಫ್ಯೂಸರ್ ಎಂದು ಅನುಭವಿಗಳು ಹೇಳಬಲ್ಲರು.

ಲೆನ್ಸಿನ ಆಯ್ಕೆಯಲ್ಲಿ ದೂರದ ಪ್ರಶ್ನೆಯೂ ಇದೆ. 1:1ರಲ್ಲಿ 60 ಮಿ.ಮೀ. ಲೆನ್ಸಿನ ಮೂತಿಗೂ ವಸ್ತುವಿಗೂ ನಡುವೆ ಕೆಲವೇ ಬೆರಳಿನಷ್ಟು ಜಾಗ ಉಳಿದರೆ 180 ಮಿ.ಮೀ. ಲೆನ್ಸು ಒಂದು ಗೇಣಿನಷ್ಟು ದೂರ ನಿಲ್ಲಲು ಬಿಡುತ್ತದೆ. ಹೂವಿಗೆ ಚಿಕ್ಕದು ಸಾಕು. ನೆರಳು ತಾಗಿದರೆ ಹಾರುವ ಜೀವಿಗೆ ಉದ್ದನೆಯದು ಬೇಕು.

ವಸ್ತುವನ್ನು ಹುಡುಕಿಕೊಂಡು ಕಾಡಿಗೆ ಹೋಗಬೇಕಿಲ್ಲ. ಹಿತ್ತಲಿನ ಮುಟ್ಟಿದರೆ ಮುನಿಯ ಗುಲಾಬಿ ಚೆಂಡು ಹತ್ತಿರದಿಂದ ನೂರಾರು ಎಳೆಗಳ ಪಟಾಕಿ. ಅಡುಗೆಮನೆಯ ಒಗ್ಗರಣೆ ಡಬ್ಬಿಯಲ್ಲಿ ಮೆಂತ್ಯದ ಮೇಲಿನ ತೋಡು, ಜೀರಿಗೆಯ ಏಣುಗಳು ಒಂದು ಇಡೀ ವಾರದ ಅಭ್ಯಾಸಕ್ಕೆ ಆಗುತ್ತವೆ. ಮಲೆನಾಡಿನ ತೋಟಗಳಲ್ಲಿ ಚಗಳಿ ಇರುವೆಗಳು ಗೂಡು ಕಟ್ಟುವುದನ್ನು ಕ್ಯಾಮೆರಾದಲ್ಲಿ ನೋಡುವುದು ದೊಡ್ಡ ಭಾಗ್ಯ. ಕೆಲವು ಇರುವೆಗಳು ಎಲೆಯಂಚುಗಳನ್ನು ಎಳೆದು ಹಿಡಿದಿದ್ದರೆ, ಇನ್ನು ಕೆಲವು ತಮ್ಮ ಮರಿಹುಳುವನ್ನು ಬಾಯಲ್ಲಿ ಕಚ್ಚಿಕೊಂಡು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಆಡಿಸಿ, ಅದರ ರೇಷ್ಮೆಯೆಳೆಯಿಂದ ಎಲೆಗಳನ್ನು ಹೊಲಿಯುತ್ತವೆ. ಬರಿಗಣ್ಣಿಗೆ ಇದು ಕೆಂಪು ಗಡಿಬಿಡಿ ಅಷ್ಟೇ. ಕರಾವಳಿಯ ಮುರಕಲ್ಲು ಹಾಸುಗಳ ಮೇಲೆ ಮಳೆಗಾಲದ ತೇವಕ್ಕೆ ಏಳುವ ಡ್ರೋಸೆರಾ ಗಿಡ ಹುಲ್ಲಿನ ನಡುವೆ ಕಣ್ಣಿಗೇ ಬೀಳದು. ಲೆನ್ಸಿನಲ್ಲಿ ಅದರ ಒಂದೊಂದು ರೋಮದ ತುದಿಯಲ್ಲೂ ಅಂಟಿನ ಹನಿ, ಹನಿಗೆ ಸಿಕ್ಕ ನುಸಿ ಕಾಣುತ್ತದೆ.

ಕರ್ನಾಟಕದಲ್ಲಿ ನಿಸರ್ಗ ಛಾಯಾಗ್ರಹಣಕ್ಕೆ ಗಟ್ಟಿಯಾದ ಪರಂಪರೆಯಿದೆ. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯಲ್ಲಿ ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿ ಅದನ್ನು ಬೆಳೆಸಿದವರು. ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ, ಫಲಿತಾಂಶ ತಿಳಿಯುವುದು ತೊಳೆಸಿದ ಮೇಲೆ. ಹತ್ತರಲ್ಲಿ ಒಂಬತ್ತು ಮಸುಕಾಗುವ ಮ್ಯಾಕ್ರೊಗೆ ಆ ಖರ್ಚು ದೊಡ್ಡ ತಡೆಯಾಗಿತ್ತು. ಡಿಜಿಟಲ್ ಬಂದ ಮೇಲೆ ತಪ್ಪು ಮಾಡಿ ಕಲಿಯುವ ಸ್ವಾತಂತ್ರ್ಯ ಸಿಕ್ಕಿತು. ಮೈಸೂರಿನ ಕಾವಾದಂಥ ಕಲಾಶಾಲೆಯಲ್ಲಿ ಓದುವವರಿಗೂ, ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘದಲ್ಲಿ ಹವ್ಯಾಸಕ್ಕೆ ಸೇರುವವರಿಗೂ ಈಗ ಈ ದಾರಿ ತೆರೆದಿದೆ.

ಮ್ಯಾಕ್ರೊದಲ್ಲಿ ಕೈ ಕುದುರಿದವರು ಅದಕ್ಕೆ ಅಂಟಿಕೊಂಡ ಬೇರೆ ಪ್ರಯೋಗಗಳಿಗೂ ಇಳಿಯುತ್ತಾರೆ. ಹುಲ್ಲಿನ ತುದಿಯ ಇಬ್ಬನಿ ಹನಿಯೇ ಒಂದು ಮಸೂರ. ಅದರ ಹಿಂದೆ ಹೂವೊಂದನ್ನು ತಲೆಕೆಳಗಾಗಿ ಹಿಡಿದರೆ ಹನಿಯೊಳಗೆ ಹೂವು ನೆಟ್ಟಗೆ ಮೂಡುತ್ತದೆ. ಗಾಜಿನ ಬಟ್ಟಲಿನ ನೀರಿಗೆ ನಾಲ್ಕು ತೊಟ್ಟು ಅಡುಗೆ ಎಣ್ಣೆ ಬಿಟ್ಟು, ಕೆಳಗೆ ಬಣ್ಣದ ಕಾಗದ ಹಾಸಿ ತೆಗೆದರೆ ಗ್ರಹಮಂಡಲದಂಥ ವೃತ್ತಗಳು. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಧ್ರುವೀಕರಣಗೊಂಡಿರುತ್ತದೆ. ಪರದೆಯನ್ನು ಬಿಳಿಯಾಗಿಸಿ, ಅದರ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಚಮಚ ಹಿಡಿದು, ಲೆನ್ಸಿಗೆ ಪೋಲರೈಸರ್ ಹಾಕಿ ತಿರುಗಿಸಿದರೆ ಪರದೆ ಕಪ್ಪಾಗಿ ಚಮಚದ ಮೈಯಲ್ಲಿ ಕಾಮನಬಿಲ್ಲು ಏಳುತ್ತದೆ. ಅಚ್ಚು ಹೊಯ್ಯುವಾಗ ಪ್ಲಾಸ್ಟಿಕ್ಕಿನೊಳಗೆ ಉಳಿದ ಎಳೆತವೇ ಆ ಬಣ್ಣ. ಕತ್ತಲಲ್ಲಿ ಶಟರ್ ತೆರೆದಿಟ್ಟು ಟಾರ್ಚಿನಿಂದ ಗಾಳಿಯಲ್ಲಿ ಗೆರೆ ಬರೆಯುವ ಲೈಟ್ ಪೇಂಟಿಂಗ್ ಇನ್ನೊಂದು. 1949ರಲ್ಲಿ ಫ್ರಾನ್ಸಿನಲ್ಲಿ ಪಿಕಾಸೊ ಬೆಳಕಿನಿಂದ ಬರೆದದ್ದನ್ನು ಛಾಯಾಗ್ರಾಹಕ ಗ್ಯೋನ್ ಮಿಲಿ ಹೀಗೆಯೇ ಹಿಡಿದರು. ಕ್ಯಾಮೆರಾವೇ ಬೇಡದ ವಿಧಾನವೂ ಉಂಟು. ಸಯನೊಟೈಪ್ ದ್ರಾವಣ ಬಳಿದ ಕಾಗದದ ಮೇಲೆ ಎಲೆಯಿಟ್ಟು ಬಿಸಿಲಿಗೆ ಒಡ್ಡಿ, ನೀರಿನಲ್ಲಿ ತೊಳೆದರೆ ನೀಲಿ ನೆಲದ ಮೇಲೆ ಎಲೆಯ ಬಿಳಿ ಅಚ್ಚು. ಇಂಗ್ಲೆಂಡಿನ ಆ್ಯನಾ ಆ್ಯಟ್ಕಿನ್ಸ್ 1843ರಿಂದ ಕಡಲಪಾಚಿಗಳನ್ನು ಹೀಗೆ ದಾಖಲಿಸತೊಡಗಿದರು. ಎಲೆ ಇದ್ದಷ್ಟೇ ಗಾತ್ರದ ಅಚ್ಚು ಅದು. ಅಲ್ಲಿಯೂ ಅಳತೆ 1:1.

ಒಂದು ವಿಷಯದಲ್ಲಿ ಮಾತ್ರ ಕಲಿಯುವವರು ಕಟ್ಟುನಿಟ್ಟಾಗಿರಬೇಕು. ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವುದು, ಅಂಟು ಹಾಕಿ ನಿಲ್ಲಿಸುವುದು, ಕಪ್ಪೆಯನ್ನು ಒಣಕೈಯಲ್ಲಿ ಹಿಡಿದು ಬೇಕಾದೆಡೆ ಕೂರಿಸುವುದು ಚಿತ್ರಕ್ಕಾಗಿ ಜೀವ ಹಿಂಡುವ ಕೆಲಸ. ಹಾಗೆ ತೆಗೆದ ಚಿತ್ರ ಬಹುಮಾನ ಪಡೆದರೂ ಅದಕ್ಕೆ ಬೆಲೆಯಿಲ್ಲ. ಅಂಥ ಹಿಂಸೆಯ ಅಗತ್ಯವೂ ಇಲ್ಲ. ರಾತ್ರಿಯ ಚಳಿಗೆ ಮೈ ತಣ್ಣಗಾದ ಕೊಡತಿ ಹುಳು ಬೆಳಗಿನ ಜಾವ ಹುಲ್ಲುಕಡ್ಡಿ ಹಿಡಿದು ಅಲ್ಲಾಡದೆ ಕೂತಿರುತ್ತದೆ, ರೆಕ್ಕೆಯ ತುಂಬ ಇಬ್ಬನಿ. ಟ್ರೈಪಾಡ್ ಊರಿ ಸ್ಟ್ಯಾಕಿಂಗ್ ಮಾಡಲು ಬೇಕಾದಷ್ಟು ಹೊತ್ತು ಅದು ಹಾಗೇ ಇರುತ್ತದೆ. ಬಿಸಿಲು ತಾಗಿ ಹನಿ ಆರತೊಡಗಿದಾಗ ರೆಕ್ಕೆಗಳನ್ನು ಗಡಗಡ ನಡುಗಿಸಿ ಮೈ ಬಿಸಿ ಮಾಡಿಕೊಂಡು ಹಾರಿಹೋಗುತ್ತದೆ.